ಹೆಬ್ಬೆರಳಿನ ಗೀರು

ಜನವರಿ ೨೧, ಭಾನುವಾರ

ಪ್ರೀತಿಯ ಗುಬ್ಬಿಗೆ,

ನಿನ್ನ ಅಪ್ಪನ ಆಶೀರ್ವಾದ. ನೀನು, ಅಳಿಯಂದಿರು, ಪುಟ್ಟಿ ಎಲ್ಲರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಾನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ, ನಿದ್ದೆಯೂ ಬರುತ್ತಿದೆ. ನೀನು ಮೊದಲು ಕೇಳುವುದು ಇದನ್ನೇ ಎಂದು ಮೊದಲೇ ಬರೆದುಬಿಟ್ಟೆ.

ಹೋದ ವಾರ ಫೋನಿನಲ್ಲಿ, "ಮೊಮ್ಮಗಳು ಹುಟ್ಟಿ ಮೂರು ತಿಂಗಳಾಯ್ತು. ನಿಮಗೆ ಸ್ಕೂಲ್ ಮಕ್ಕಳೇ ಹೆಚ್ಚಾದ್ರಾ ಅಪ್ಪಾ? ಇನ್ನು ನಾನಂತೂ ಕರೆಯಲ್ಲ, ಬಂದಾಗ ಬನ್ನಿ" ಎಂದು ಇಟ್ಟುಬಿಟ್ಟೆ. ಮರುದಿನವೇ ಬರೆಯಬೇಕಾಗಿತ್ತು, ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಪರೀಕ್ಷೆ, ಉತ್ತರಪತ್ರಿಕೆ, ರಜೆ ಸಿಗುವುದಿಲ್ಲ ಎಂದೆಲ್ಲ ನಾನು ಇಷ್ಟು ದಿನ ಹೇಳಿದ್ದು ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ. ನೆಲ ಡೊಂಕು ಎನ್ನುವುದೇನೋ ನಿಜ, ಅದನ್ನೇ ಪಾಠ ಮಾಡಿ ಹೊಟ್ಟೆ ಹೊರೆಯುವವನು ನಾನು. ಆದರೆ ನಿಮ್ಮೂರಿನ ಬಸ್ಸಿಗೆ ಅದರಿಂದ ಏನೂ ಅಡ್ಡಿಯಿಲ್ಲ.

"ಮಗೂಗೆ ಅಮ್ಮನ ಮುಖ ಬಂದಿದೆ ಅಂತ ಹೆದರ್ತಿದ್ದೀರಾ?" ಎಂದೂ ಕೇಳಿದೆಯಲ್ಲ, ಅದು ಮಾತ್ರ ಸುಳ್ಳು ಕಣಮ್ಮ. ನೀನು ಕಳಿಸಿದ ಫೋಟೊವನ್ನು ಕನ್ನಡಿಯ ಮೂಲೆಗೆ ಸಿಕ್ಕಿಸಿಕೊಂಡಿದ್ದೇನೆ. ಗಡ್ಡ ಕೆರೆದುಕೊಳ್ಳುವಾಗ ದಿನವೂ ಅವಳನ್ನು ಮಾತಾಡಿಸುತ್ತೇನೆ. ಆ ಹುಬ್ಬು ಗಂಟಿಕ್ಕುವುದಿದೆಯಲ್ಲ, ಅದು ನಿನ್ನ ಅಮ್ಮನದೇ. ಬಟ್ಟೆ ಹೊಲಿಯಲು ಕೊಟ್ಟು ಸಂಜೆಗೇ ಬೇಕು ಎನ್ನುವವರನ್ನು ಅವಳು ನೋಡುತ್ತಿದ್ದುದು ಹಾಗೆಯೇ.

ಶಾಲೆಯ ಸುದ್ದಿ ಹೇಳುತ್ತೇನೆ. ಜುಲೈನಲ್ಲಿ ಅಮ್ಮ ಹೋದ ಮೇಲೆ ನಾನು ಮತ್ತೆ ಕೆಲಸಕ್ಕೆ ಹೋದ ದಿನ ಮುಖ್ಯೋಪಾಧ್ಯಾಯಿನಿ, "ಭೂಮಿ ಪಾಠ ಬೇರೆಯವರು ತಗೊಳ್ಳಲಿ ಸರ್, ನೀವು ಸ್ವಲ್ಪ ಸುಧಾರಿಸಿಕೊಳ್ಳಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಒಪ್ಪಲಿಲ್ಲ. ಮನೆಯಲ್ಲಿ ಕೂತರೆ ಹೊಲಿಗೆ ಯಂತ್ರ ಎದುರಿಗೇ ಇರುತ್ತದೆ.

ಯಾವಾಗಿನಂತೆ ಬೇಯಿಸಿದ ಮೊಟ್ಟೆ ತೆಗೆದುಕೊಂಡು ಹೋದೆ. ಚಿಪ್ಪು ಭೂಕವಚ, ಬಿಳಿ ಭಾಗ ಮ್ಯಾಂಟಲ್, ಹಳದಿ ಕೇಂದ್ರಗೋಳ. ಚಿಪ್ಪನ್ನು ಮೇಜಿಗೆ ಮೆಲ್ಲಗೆ ಕುಟ್ಟಿ, ಬಿರುಕು ಬಿಟ್ಟ ಚೂರುಗಳೇ ಭೂಫಲಕಗಳು ಎಂದು ತೋರಿಸಿದೆ. ಎರಡು ಹೋಳು ಮಾಡಿ ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸಿದರೆ, ಹಿಂದಿನ ಬೆಂಚಿನಿಂದ ದೂರು ಬಂತು: "ಸರ್, ಇವನು ಕೇಂದ್ರಗೋಳಾನೇ ನುಂಗಿಬಿಟ್ಟ." ಅಮ್ಮ ಹೋದ ಮೇಲೆ ನಾನು ಮೊದಲ ಸಲ ನಕ್ಕಿದ್ದು ಆಗ. ಮನೆಗೆ ಬಂದು ಇದನ್ನು ಯಾರಿಗೆ ಹೇಳಲಿ ಎನ್ನಿಸಿ ನಗು ಅಲ್ಲೇ ಸತ್ತಿತು.

ಆಮೇಲೆ ಉಗುರಿನ ಪಾಠ. ನೀನೂ ನನ್ನ ತರಗತಿಯಲ್ಲಿ ಕೂತು ಕಲಿತವಳೇ. ಖಂಡಗಳನ್ನು ಹೊತ್ತ ಫಲಕಗಳು ಹೆಚ್ಚುಕಡಿಮೆ ನಮ್ಮ ಉಗುರು ಬೆಳೆಯುವಷ್ಟೇ ನಿಧಾನವಾಗಿ ಸರಿಯುತ್ತವೆ. ಅದಕ್ಕೇ ಮಕ್ಕಳು ಹೆಬ್ಬೆರಳಿನ ಉಗುರಿನ ಬುಡದಲ್ಲಿ ಶಾಯಿಯ ಚುಕ್ಕಿ ಇಟ್ಟುಕೊಂಡು, ಮಾಸುವ ಮೊದಲೇ ಅದರ ಮೇಲೇ ತಿದ್ದುತ್ತ, ಅದು ತುದಿಯ ಕಡೆ ಹೋಗುವುದನ್ನು ತಿಂಗಳುಗಟ್ಟಲೆ ನೋಡಬೇಕು. ನನಗೆ ಮಾತ್ರ ಶಾಯಿಯಲ್ಲ. ಪಾಠ ಶುರುವಾಗುವ ಮೊದಲು ಪ್ರತಿ ವರ್ಷ ಅಮ್ಮ ನನ್ನನ್ನು ಹೊಲಿಗೆ ಯಂತ್ರದ ಪಕ್ಕ ಕೂರಿಸಿಕೊಂಡು, ಸೂಜಿಯ ಮೊನೆಯಿಂದ ನನ್ನ ಎಡ ಹೆಬ್ಬೆರಳಿನ ಉಗುರಿಗೆ ಅಡ್ಡ ಗೀರೊಂದು ಎಳೆಯುತ್ತಿದ್ದಳು. "ಅಲ್ಲಾಡಬೇಡಿ, ಭೂಕಂಪ ಆಗುತ್ತೆ" ಎನ್ನುತ್ತಿದ್ದಳು. ಗೀರು ತುದಿ ಮುಟ್ಟಿದಾಗ ನೂಲು ಕತ್ತರಿಸುವ ಪುಟ್ಟ ಕತ್ತರಿಯಿಂದ ಅವಳೇ ಕತ್ತರಿಸಿ, "ತಗೊಳ್ಳಿ, ನಿಮ್ಮ ಖಂಡ ಸಮುದ್ರಕ್ಕೆ ಬಿತ್ತು" ಎನ್ನುತ್ತಿದ್ದಳು. ನೀನು ಬಿದ್ದು ಬಿದ್ದು ನಗುತ್ತಿದ್ದೆ.

ಈ ವರ್ಷ ಕಿಟಕಿ ಪಕ್ಕದ ಬೆಂಚಿನ ಹುಡುಗಿಯೊಬ್ಬಳು ಒಂದು ಎಡವಟ್ಟು ಮಾಡಿದಳು. ಎಲ್ಲರ ಚುಕ್ಕಿಯೂ ಉಗುರಿನ ನಡುವಿಗೆ ಬಂದಿದ್ದರೆ ಅವಳದು ಬುಡದಲ್ಲೇ ಇತ್ತು. "ಸರ್, ನನ್ನ ಭೂಮಿ ಸರೀಲೇ ಇಲ್ಲ" ಎಂದಳು. ಅಳಿಸಿಹೋದಾಗ ಎಲ್ಲಿ ಇಡುತ್ತಿದ್ದೆ ಎಂದು ಕೇಳಿದೆ.

"ಮೊದಲು ಇಟ್ಟಿದ್ನಲ್ಲ, ಅದೇ ಜಾಗದಲ್ಲಿ ಸರ್. ದಿನಾ ಬೆಳಿಗ್ಗೆ ಹೊಸದಾಗಿ ಇಡ್ತಿದ್ದೆ."

ತರಗತಿಯೆಲ್ಲ ಗೊಳ್ಳೆಂದಿತು. ಅವಳ ಕಣ್ಣು ತುಂಬಿಕೊಂಡವು. "ಚುಕ್ಕಿ ಅಲ್ಲೇ ಇಟ್ರೂ ಉಗುರು ಹೋಗ್ತಾನೇ ಇತ್ತು ಮಗಳೇ" ಎಂದೆ. ತಿರುಗಿ ನಿಂತು, ಅಳಿಸಿದ್ದ ಬೋರ್ಡನ್ನೇ ಮತ್ತೆ ಅಳಿಸಿದೆ. ಮೇಷ್ಟರಿಗೆ ಏನೋ ಆಗಿದೆ ಎಂದು ಮಕ್ಕಳಿಗೆ ತಿಳಿಯಿತು.

ಮೊನ್ನೆ, ಅಂದು ಮೊಟ್ಟೆ ನುಂಗಿದ್ದ ಆ ಮಹಾಶಯನೇ ಎದ್ದು, "ಎರಡು ಫಲಕ ದೂರ ಹೋದ್ರೆ ಮಧ್ಯೆ ಗುಂಡಿ ಬೀಳಲ್ವಾ ಸರ್?" ಎಂದು ಕೇಳಿದ. ಒಳಗಿನ ಬಿಸಿ ಕಲ್ಲು ಕರಗಿ ಮೇಲೆ ಬಂದು ಅಲ್ಲಿ ಹೊಸ ನೆಲವಾಗುತ್ತದೆ ಎಂದೆ. "ಬೇಗ ಆಗುತ್ತಾ?" ಎಂದ. ಇಲ್ಲಪ್ಪ, ಅದೂ ಉಗುರಿನಷ್ಟೇ ನಿಧಾನ ಎಂದೆ. ಅವನಿಗೆ ಬಹಳ ನಿರಾಸೆಯಾಯಿತು.

ಸೋಮವಾರಗಳಂದು ಮಕ್ಕಳ ಉಗುರು ಪರೀಕ್ಷೆ ಮಾಡುವ ಕೆಲಸ ಈಗಲೂ ನನ್ನದೇ. "ಎಲ್ಲರದೂ ನೋಡ್ತೀರಿ, ನಿಮ್ಮದನ್ನ ಒಂದ್ಸಲ ನೋಡ್ಕೊಳ್ಳಿ ಸರ್" ಎಂದು ಮುಖ್ಯೋಪಾಧ್ಯಾಯಿನಿ ನಗುತ್ತಲೇ ಚುಚ್ಚಿದರು. ಊದುವ ಶಂಖ ಊದಿದರು, ನಾನು ಕೈಯನ್ನು ಜೇಬಿಗೆ ಹಾಕಿಕೊಂಡೆ.

ಅಳಿಯಂದಿರಿಗೆ ನನ್ನ ನೆನಪು ಹೇಳು. ನಿದ್ದೆಗೆಡಬೇಡ, ಪುಟ್ಟಿ ಮಲಗಿದಾಗ ನೀನೂ ಮಲಗು. ಅವಳು ನಿನ್ನ ಹಾಗೆ ಹಠಮಾರಿಯಾಗಿ, ಅಮ್ಮನ ಹಾಗೆ ಕೈಚಳಕದವಳಾಗಿ, ನೂರು ಕಾಲ ಬಾಳಲಿ.

ನಿನ್ನ
ಅಪ್ಪ

ತಾ.ಕ.: ಸಹಿ ಮಾಡಿದ ಮೇಲೆ ನೋಡಿದರೆ ಹೇಳಬೇಕಾದದ್ದನ್ನೇ ಬರೆದಿಲ್ಲ. ಗುಬ್ಬಿ, ಈ ವರ್ಷದ ಗೀರನ್ನೂ ಅಮ್ಮನೇ ಎಳೆದಳು. ಆ ವಾರದಲ್ಲೇ ಹೋದಳು. ಅದು ಈಗ ಬೆರಳು ದಾಟಿ ಉಗುರಿನ ತುದಿಗೆ ಬಂದು ನಿಂತಿದೆ. ಕತ್ತರಿಸಿದರೆ ಅದೂ ಹೋಗುತ್ತದೆ. ಅವಳ ಕೈಯ ಗುರುತು ನನ್ನ ಮೈಮೇಲೆ ಉಳಿದಿರುವುದು ಇದೊಂದೇ. ಆದರೆ ಇಷ್ಟುದ್ದದ ಉಗುರು ಪುಟ್ಟಿಯ ಕೆನ್ನೆಗೆ ತಾಗಿದರೆ ರಕ್ತ ಬರುತ್ತದೆ, ಎತ್ತಿಕೊಳ್ಳದೆ ಬರೀ ನೋಡಿ ಬರುವುದು ನನ್ನಿಂದಾಗದು. ಇಲ್ಲಿಯ ಬಸ್ ನಿಲ್ದಾಣದವರೆಗೂ ಹೋಗಿ ಹಿಂದಿರುಗಿದ್ದುಂಟು. ನಾನು ಬಾರದಿದ್ದುದಕ್ಕೆ ಇದೇ ಕಾರಣ. ಬರುವ ಶನಿವಾರ ಬರುತ್ತೇನೆ. ಅಮ್ಮನ ನೂಲು ಕತ್ತರಿಯನ್ನು ತರುತ್ತೇನೆ. ನೀನೇ ಕತ್ತರಿಸು, ನನ್ನ ಕೈ ಏಳುವುದಿಲ್ಲ. ಸಮುದ್ರದ ಮಾತು ಹೇಳಬೇಡ, ಸುಮ್ಮನೆ ಕತ್ತರಿಸು. ಆಮೇಲೆ ಮಗುವನ್ನು ನನ್ನ ಕೈಗೆ ಕೊಡು.