ತಣ್ಣಗಾದ ತೊಟ್ಟಿ

ಶಿಡ್ಲಘಟ್ಟ, 2181ನೇ ಇಸವಿ, ಪುಷ್ಯ ಮಾಸ.

ನೂರೈವತ್ತು ವರ್ಷ ಹಿಂದಿರುವ ನಿಮಗೆ ಗಂಗಾಲಕ್ಷ್ಮಿಯ ನಮಸ್ಕಾರ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಮನ್ನಿಸಿ. ನೀವು ಡೇಟಾ ಸೆಂಟರ್ ಎನ್ನುವುದಕ್ಕೆ ನಾವು ಎಣಿಕೆಮನೆ ಎನ್ನುತ್ತೇವೆ. ಅಲ್ಲಿನ ಯಂತ್ರಗಳನ್ನು ತಂಪು ಮಾಡಿ ಹೊರಬರುವ ಬಿಸಿನೀರು ನಮಗೆ ಮಿಗುನೀರು.

ಆ ನೀರು ಕೊಳವೆಯಲ್ಲಿ ನಮ್ಮ ಬೀದಿಗೆ ಪುಕ್ಕಟೆ ಬರುತ್ತಿತ್ತು. ನಮ್ಮ ಕಾಲದಲ್ಲಿ ಸೌದೆ ಸುಡುವಂತಿಲ್ಲ, ವಿದ್ಯುತ್ತು ಮನೆಗಿಷ್ಟು ಎಂದು ಅಳೆದು ಕೊಡುತ್ತಾರೆ. ಹಾಗಾಗಿ ರೇಷ್ಮೆಗೂಡುಗಳನ್ನು ಮಿಗುನೀರಿನ ಸಣ್ಣ ತೊಟ್ಟಿಯಲ್ಲೇ ಹಾಕಿ ನೂಲು ತೆಗೆಯುತ್ತಿದ್ದೆವು. ಬಾಣಂತಿಯರ ಸ್ನಾನಕ್ಕೂ ಅದೇ ನೀರು. ಚಳಿಗಾಲದಲ್ಲಿ ಬೀದಿಯೆಲ್ಲ ಹಬೆಯಾಡುತ್ತಿತ್ತು. ನನ್ನ ಅಕ್ಕ ಪಿಳ್ಳಮ್ಮ ಚಿಕ್ಕಂದಿನಿಂದ ತೊಟ್ಟಿಯ ಮುಂದೆ ಕೂತವಳು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಅವಳ ಬೆರಳುಗಳಿಗೆ ಬಿಸಿಯೋ ತಣ್ಣಗೋ ತಿಳಿಯದಂತಾಗಿತ್ತು.

ಕಳೆದ ವರ್ಷ ಎಣಿಕೆಮನೆಯ ಎಂಜಿನಿಯರ್ ಶಹನಾಜ್ ನಮ್ಮ ಮನೆಗೇ ಬಂದರು. ಒಳ್ಳೆಯ ಹೆಣ್ಣುಮಗಳು.

"ಅಮ್ಮಾ, ಹೊಸ ಯಂತ್ರಗಳು ಬೆಳಕಿನಿಂದ ಲೆಕ್ಕ ಮಾಡ್ತವೆ. ಮೊದಲಿನ ಹತ್ತನೇ ಒಂದು ಭಾಗ ಕರೆಂಟು ಸಾಕು. ಬಿಸಿ ಆಗೋದೇ ಇಲ್ಲ. ಸೋಮವಾರದಿಂದ ಬಿಸಿನೀರು ಬರಲ್ಲ."

"ಮಿಕ್ಕಿದ್ ಕರೆಂಟ್ನ ನಮ್ಗೇ ಕೊಡಿ, ಕಾಯಿಸ್ಕೊಂತೀವಿ," ಎಂದೆ.

"ಅದನ್ನ ಆಸ್ಪತ್ರೆಗಳಿಗೆ ಕೊಟ್ಟಾಯ್ತಮ್ಮ."

ಆಸ್ಪತ್ರೆಗೆ ಬೇಡ ಎನ್ನುವುದು ಹೇಗೆ? ಅಕ್ಕ ತಲೆಯನ್ನೂ ಎತ್ತದೆ ನೂಲು ತೆಗೆಯುತ್ತಲೇ ಇದ್ದಳು.

ಸೋಮವಾರ ಕೊಳವೆಯಲ್ಲಿ ತಣ್ಣೀರು ಬಂತು. ಅಕ್ಕ ಎಂದಿನಂತೆ ತೊಟ್ಟಿ ತುಂಬಿ ಕೈ ಇಳಿಸಿದಳು.

"ನಿಂತೋಯ್ತದೆ ಅಂದ್ರಲ್ಲ, ಎಲ್ಲಿ? ಬೆಚ್ಚಗೇ ಐತೆ ನೋಡೇ," ಎಂದಳು.

ತಣ್ಣೀರಿನಲ್ಲಿ ಗೂಡಿನ ಅಂಟು ಬಿಡದೆ ಎಳೆ ತುಂಡಾಯಿತು. ಇನ್ನೊಂದು ಗೂಡು ತೆಗೆದುಕೊಂಡಳು, ಅದೂ ತುಂಡಾಯಿತು. "ಗೂಡೇ ಸರಿಯಿಲ್ಲ ಕಣೇ," ಎಂದಳು. ನಾನು ಅವಳ ಒದ್ದೆ ಕೈಯನ್ನು ಹಿಡಿದು ಅವಳದೇ ಕೆನ್ನೆಗೆ ಒತ್ತಿದೆ. ಬೆರಳಿಗೆ ತಿಳಿಯದ ಚಳಿ ಕೆನ್ನೆಗೆ ತಿಳಿಯಿತು.

"ಹೂಂ," ಎಂದಳು. ಎದ್ದು ತೊಟ್ಟಿಯ ನೀರು ಚೆಲ್ಲಿ, ಅದನ್ನು ಗೋಡೆಯ ಬದಿಗೆ ಬೋರಲು ಹಾಕಿದಳು. ಅಳಲಿಲ್ಲ. ನಾನೂ ಅಳಲಿಲ್ಲ. ಅಳಬೇಕೆಂದು ತೋಚಲೂ ಇಲ್ಲ.

ಈಗ ಬೀದಿಯಲ್ಲಿ ಯಾರೂ ನೂಲು ತೆಗೆಯುವುದಿಲ್ಲ. ಶಹನಾಜ್ ಹೇಳಿ ಕೊಡಿಸಿದ ಕೆಲಸ ನನ್ನದು. ಎಣಿಕೆಮನೆಯ ನೆಲ ಒರೆಸುತ್ತೇನೆ. ಒಳಗೆ ಸದ್ದಿಲ್ಲ, ಸೆಕೆಯಿಲ್ಲ. ಹೇಗಿದೆ ಎಂದು ಯಾರಾದರೂ ಕೇಳಿದರೆ ಚೆನ್ನಾಗಿದೆ ಎನ್ನುತ್ತೇನೆ. ಅಕ್ಕ ಜಗಲಿಯ ಬಿಸಿಲಿನಲ್ಲಿ ಕೈ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಾಳೆ. ಮುದ್ದೆ ಸುಡುತ್ತಿದೆಯೋ ಆರಿದೆಯೋ ಅವಳ ಬೆರಳಿಗೆ ತಿಳಿಯದು, ಮೊದಲು ನಾನು ಮುಟ್ಟಿ ನೋಡಿ ಬಡಿಸುತ್ತೇನೆ.

ಇಂಥ ಎಣಿಕೆಮನೆಗಳನ್ನು ಮೊದಲು ಕಟ್ಟುತ್ತಿರುವವರು ನೀವು. ಕರೆಂಟು ಉಳಿಸಿ, ಯಂತ್ರ ಬದಲಿಸಿ, ತಪ್ಪೆನ್ನುವುದಿಲ್ಲ. ನನ್ನದು ಒಂದೇ ಕೋರಿಕೆ. ಬಿಸಿನೀರು ನಿಲ್ಲಿಸುವ ಮೊದಲು ಕೊಳವೆಯ ಜಾಡು ಹಿಡಿದು ಅದರ ಕೊನೆಯವರೆಗೂ ಒಮ್ಮೆ ನಡೆದು ಬನ್ನಿ. ಅಲ್ಲಿ ಯಾರದಾದರೂ ಕೈ ನೀರಿನಲ್ಲಿರಬಹುದು.