ಭ್ರೂಣ ಗೈರುಹಾಜರಾದದ್ದಕ್ಕೆ ಸಮಜಾಯಿಷಿ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ನನ್ನ ಹೆಂಡತಿಯ ಹೊಟ್ಟೆಯಲ್ಲಿದ್ದ ಭ್ರೂಣವು ಹೃದಯದ ಸ್ಕ್ಯಾನಿಂಗಿಗೆ ಗೊತ್ತುಪಡಿಸಿದ ದಿನ ಹಾಜರಾಗಲಿಲ್ಲವೆಂದೂ, ಅದಕ್ಕೆ ಏಳು ದಿನದೊಳಗೆ ಸವಿವರವಾದ ಸಮಜಾಯಿಷಿ ಕೊಡಬೇಕೆಂದೂ ನಿಮ್ಮ ಕಚೇರಿಯಿಂದ ನೋಟಿಸು ಬಂದಿದೆ. ಕೊಡುತ್ತಿದ್ದೇನೆ. ಆ ದಿನಕ್ಕೆ ಭ್ರೂಣ ಹುಟ್ಟಿ ನಲವತ್ತೇಳು ದಿನವಾಗಿತ್ತು.

ನಾನು ನೀರಿನ ಪಂಪು ರಿಪೇರಿ ಮಾಡುವವನು. ಹೆಂಡತಿಗೆ ಐದು ತಿಂಗಳಾದಾಗ ನಮ್ಮ ಬೀದಿಯ ಸ್ಕ್ಯಾನಿಂಗ್ ಡಾಕ್ಟರಮ್ಮ ಪರದೆಯನ್ನು ತುಂಬಾ ಹೊತ್ತು ನೋಡಿ, "ಮಗುವಿನ ಹೃದಯದ ಹಿಂದೆ ಏನೋ ಸರಿ ಕಾಣ್ತಿಲ್ಲ. ದೊಡ್ಡಾಸ್ಪತ್ರೇಲಿ ಹೃದಯದ್ದೇ ಬೇರೆ ಸ್ಕ್ಯಾನಿಂಗ್ ಇದೆ, ತಡ ಮಾಡ್ಬೇಡಿ" ಎಂದರು. ನಾವು ತಡ ಮಾಡಲಿಲ್ಲ. ಮರುದಿನ ಬೆಳಿಗ್ಗೆಯೇ ನಿಮ್ಮ ನಾಲ್ಕನೇ ಕಿಟಕಿಯ ಮುಂದಿದ್ದೆವು. ಅಲ್ಲಿನ ಗುಮಾಸ್ತರು ರಿಜಿಸ್ಟರನ್ನು ಹಿಂದೆ ಮುಂದೆ ಮಗುಚಿ ಒಂದು ತಾರೀಖು ಬರೆದುಕೊಟ್ಟರು. ಹೆಂಡತಿ ಬೆರಳು ಮಡಚಿ ಎಣಿಸಿದಳು.

"ಸಾರ್, ಅಷ್ಟೊತ್ತಿಗೆ ಹೆರಿಗೆ ಆಗಿ ಏಳು ವಾರ ಆಗಿರುತ್ತೆ."

"ಆಗ್ಲಿ ಬಿಡಮ್ಮಾ, ಒಳ್ಳೇದೇ ಅಲ್ವಾ?"

"ಅಲ್ಲಿವರೆಗೂ ಒಳಗೇ ಇರು ಅಂತ ಮಗುಗೆ ಹೇಗೆ ಹೇಳ್ಲಿ?"

"ಅದಕ್ಕೆ ಬೇರೆ ಅರ್ಜಿ ಇದೆ" ಎಂದರು ಅವರು, ತಲೆ ಎತ್ತದೆ.

ಅರ್ಜಿಯನ್ನೂ ಕೊಟ್ಟೆವು. ಬೇಗ ದಿನ ಬೇಕಾದರೆ ಕಾಯಿಲೆ ಗಂಭೀರವೆಂದು ಸ್ಕ್ಯಾನಿಂಗ್ ವರದಿ ಲಗತ್ತಿಸಬೇಕು ಎಂದು ಉತ್ತರ ಬಂತು. ಆ ವರದಿ ಸಿಗಬೇಕಾದದ್ದು ಇದೇ ಸ್ಕ್ಯಾನಿಂಗಿನಿಂದ. ಹೋಗಲಿ, ಹೆರಿಗೆಗಾದರೂ ಇಲ್ಲೇ ಹೆಸರು ಬರೆದುಕೊಳ್ಳಿ ಎಂದರೆ ಅದಕ್ಕೂ ಆ ವರದಿಯೇ ಬೇಕಂತೆ! ಸುತ್ತಮುತ್ತ ಈ ಯಂತ್ರ ಇರುವುದು ನಿಮ್ಮಲ್ಲಿ ಮಾತ್ರ. ಅದು ಕೆಲಸ ಮಾಡುವುದು ಮಂಗಳವಾರ ಮಾತ್ರ. ಏಕೆಂದರೆ ಅದನ್ನು ಬಲ್ಲ ವೈದ್ಯೆ ಒಬ್ಬರೇ, ಅವರನ್ನು ಉಳಿದ ದಿನಗಳಲ್ಲಿ ನೀವು ಪೀಠೋಪಕರಣ ಖರೀದಿ ಸಮಿತಿಗೆ ಹಾಕಿದ್ದೀರಿ. ಕುರ್ಚಿಗೆ ಹೃದಯವಿಲ್ಲ ಎಂದು ತಿಳಿಯಲು ತಜ್ಞರೇ ಬೇಕೇ, ಮಾನ್ಯರೇ?

ಮಗಳು ಹುಟ್ಟಿದ್ದು ಮನೆ ಹತ್ತಿರದ ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ. ಒಂದು ಸಲ ಜೋರಾಗಿ ಅತ್ತಳು. ನಮ್ಮತ್ತೆ "ಅಪ್ಪನ ಗಂಟಲೇ" ಎಂದು ನಕ್ಕರು. ಸಂಜೆಯ ಹೊತ್ತಿಗೆ ಅಳುವುದಕ್ಕೂ ಅವಳಲ್ಲಿ ಉಸಿರಿರಲಿಲ್ಲ. ಪಕ್ಕೆಲುಬು ಒಳಕ್ಕೆ ಸೆಳೆದುಕೊಳ್ಳುತ್ತಿತ್ತು, ತುಟಿ ನೀಲಿಗಟ್ಟಿತ್ತು. ನರ್ಸಮ್ಮ ಆಮ್ಲಜನಕದ ಮುಖವಾಡ ಹಿಡಿದುಕೊಂಡೇ ಆಂಬ್ಯುಲೆನ್ಸ್ ಹತ್ತಿದರು. ತಂದದ್ದು ಎಲ್ಲಿಗೆ ಅಂತೀರಿ? ನಿಮ್ಮಲ್ಲಿಗೇ, ನಾಲ್ಕನೇ ಕಿಟಕಿಗಿಂತ ಸರಿಯಾಗಿ ಎರಡು ಮಹಡಿ ಮೇಲಕ್ಕೆ. ಅಲ್ಲಿ ಯಾರೂ ತಾರೀಖು ಕೇಳಲಿಲ್ಲ. ಅವರಿಗೆ ನನ್ನ ಎರಡೂ ಕೈ ಜೋಡಿಸಿದ ನಮಸ್ಕಾರ.

ಮಕ್ಕಳ ಹೃದಯದ ಡಾಕ್ಟರು ಹಾಳೆಯಲ್ಲಿ ಚಿತ್ರ ಬರೆದು ವಿವರಿಸಿದರು. ಶ್ವಾಸಕೋಶದಿಂದ ಹೃದಯದ ಎಡಭಾಗಕ್ಕೆ ಬರಬೇಕಾದ ರಕ್ತನಾಳಗಳು ಬೇರೆಲ್ಲೋ ಸೇರಿಕೊಂಡಿವೆ, ಆ ದಾರಿಯೂ ಇಕ್ಕಟ್ಟು.

"ಅಂದ್ರೆ ಡಾಕ್ಟ್ರೇ, ಪೈಪು ತಪ್ಪು ಜಾಗಕ್ಕೆ ಕೂಡಿದೆ, ಅದೂ ಕಟ್ಕೊಂಡಿದೆ. ಮುಂದೆ ಹೋಗದ್ದು ಹಿಂದಕ್ಕೆ ಒತ್ತಿ ಶ್ವಾಸಕೋಶದಲ್ಲಿ ನೀರು ತುಂಬ್ತಿದೆ."

"ನೀವೇನು ಕೆಲಸ ಮಾಡೋದು?"

"ಪಂಪ್ ರಿಪೇರಿ."

"ಸರಿಯಾಗೇ ಹೇಳಿದ್ರಿ."

ಇಪ್ಪತ್ತು ವರ್ಷದ ಕಸುಬಿನಲ್ಲಿ ನನ್ನ ಅಂದಾಜು ತಪ್ಪಾಗಲಿ ಎಂದು ಬೇಡಿಕೊಂಡದ್ದು ಅದೊಂದೇ ಸಲ.

ರಾತ್ರೋರಾತ್ರಿ ಶಸ್ತ್ರಚಿಕಿತ್ಸೆಯಾಯಿತು. ಹೃದಯ ಬೇಗ ದಾರಿಗೆ ಬಂತು, ಶ್ವಾಸಕೋಶ ಬರಲಿಲ್ಲ. ಉಸಿರಾಟದ ಯಂತ್ರದಲ್ಲಿ ಹದಿನಾರು ದಿನ, ನಡುವೆ ನ್ಯುಮೋನಿಯಾ ಬೇರೆ. ಇಪ್ಪತ್ತಾರನೇ ದಿನ ಮನೆಗೆ ಬಂದೆವು. ಹುಬ್ಬು ಗಂಟಿಕ್ಕಿ ಎಲ್ಲರನ್ನೂ ನೋಡುತ್ತಾಳೆಂದು ನರ್ಸಮ್ಮಂದಿರು ಅವಳಿಗೆ 'ಮೇಡಂ' ಎಂದೇ ಹೆಸರಿಟ್ಟಿದ್ದರು. ಹೊರಡುವಾಗ ಡಾಕ್ಟರು ಹೇಳಿದ್ದಿಷ್ಟು: "ಮೊದಲೇ ಗೊತ್ತಿದ್ದಿದ್ರೆ ಹೆರಿಗೆ ಇಲ್ಲೇ ಆಗ್ತಿತ್ತು. ಶ್ವಾಸಕೋಶ ಇಷ್ಟು ನರಳೋಕೆ ಬಹುಶಃ ಬಿಡ್ತಿರಲಿಲ್ಲ."

ಗೊತ್ತುಪಡಿಸಿದ ದಿನ ಮೂವರೂ ಹಾಜರಾದೆವು. ನಾನು ಬೇಡವೆಂದೆ, ಹೆಂಡತಿ ಕೇಳಲಿಲ್ಲ. "ಕರೆದಿದ್ದಾರೆ, ಹೋಗೋಣ. ಮುಖ ನೋಡ್ಲಿ" ಎಂದಳು.

"ಗರ್ಭಿಣಿ ಎಲ್ಲಿ?" ಎಂದರು ಗುಮಾಸ್ತರು.

"ನಾನೇ. ಆಗಿದ್ದೆ."

"ಭ್ರೂಣ?"

ಹೆಂಡತಿ ಮೇಡಂ ಅವರನ್ನು ಕಿಟಕಿಯೆದುರು ಎತ್ತಿ ಹಿಡಿದಳು. ಮೇಡಂ ಹುಬ್ಬು ಗಂಟಿಕ್ಕಿ, ರಿಜಿಸ್ಟರಿನ ಮೇಲೆ ಕುಡಿದ ಹಾಲನ್ನೆಲ್ಲ ಕಕ್ಕಿದರು. ಗುಮಾಸ್ತರು ಒರೆಸಿಕೊಂಡು, ಆ ಕಲೆಯ ಪಕ್ಕದಲ್ಲೇ 'ಭ್ರೂಣ ಗೈರುಹಾಜರು' ಎಂದು ಬರೆದರು. ಬೇಕಾದರೆ ಪುಟ ತೆಗೆಸಿ ನೋಡಿ.

ನಾವು ನಕ್ಕುಕೊಂಡೇ ಹೊರಟಿದ್ದೆವು. ನಮ್ಮ ಹಿಂದೆ ಸಾಲಿನಲ್ಲಿದ್ದ ಏಳು ತಿಂಗಳ ಬಸುರಿ ಓಡಿಬಂದು ಚೀಟಿ ಚಾಚಿದಳು. ಬಟ್ಟೆ ಇಸ್ತ್ರಿ ಅಂಗಡಿಯವಳಂತೆ. "ಅಕ್ಕಾ, ನನಗೂ ಹೆರಿಗೆ ಆದ್ಮೇಲಿನ ತಾರೀಖೇ ಕೊಟ್ಟಿದ್ದಾರೆ. ಆಮೇಲೆ ಬಂದ್ರೂ ನೋಡ್ತಾರಲ್ವಾ?" ನಮ್ಮ ನಗು ಅಲ್ಲೇ ನಿಂತಿತು. ಹೆಂಡತಿ ಅವಳನ್ನು ಬೆಂಚಿನ ಮೇಲೆ ಕೂರಿಸಿ ನೀರು ಕುಡಿಸಿದಳು. ನಾನು ಅವಳ ಚೀಟಿಯ ಸಂಖ್ಯೆ ಬರೆದುಕೊಂಡೆ.

ಆದ್ದರಿಂದ ಮಾನ್ಯರೇ, ಆ ವೈದ್ಯೆಯನ್ನು ಕುರ್ಚಿಗಳಿಂದ ಬಿಡಿಸಿ ಯಂತ್ರದ ಮುಂದೆ ಕೂರಿಸಿ. ಇನ್ನಿಬ್ಬರಿಗೆ ಆ ಕೆಲಸ ಕಲಿಸಿ. ಅದಕ್ಕೆಲ್ಲ ಸಭೆ, ಟಿಪ್ಪಣಿ, ಸಹಿ ಬೇಕು ಎನ್ನುವುದಾದರೆ ಮಾಡಿಕೊಳ್ಳಿ. ಆದರೆ ಆ ಇಸ್ತ್ರಿಯವಳನ್ನು ಮಾತ್ರ ಬರುವ ಮಂಗಳವಾರವೇ ಕರೆಯಿರಿ. ಅವಳ ಚೀಟಿಯ ಸಂಖ್ಯೆ ಇನ್ನೂರ ಹನ್ನೊಂದು. ಅವಳಿಗೆ ಉಳಿದಿರುವುದು ಎಂಟೇ ವಾರ.

ಇಂತಿ,
ಮೇಡಂ ಅವರನ್ನು ಹೆಗಲ ಮೇಲೆ ಮಲಗಿಸಿಕೊಂಡು, ಒಂದೇ ಕೈಯಲ್ಲಿ ಇಷ್ಟು ಬರೆದ
ಒಬ್ಬ ಪಂಪ್ ರಿಪೇರಿಯವನು