ಒಂದೇ ವಾಲ್ವಿನ ಆಂಪ್ಲಿಫೈಯರ್

ನವೆಂಬರ್ 3, ಸೋಮವಾರ, ಬೆಳಿಗ್ಗೆ 10

ಕಾಫಿ. ಜೊತೆಗೆ ನಮ್ಮ ಪದ್ಧತಿಯಂತೆ ಒಂದೇ ಬಿಸ್ಕತ್ತು, ಡಬ್ಬಿ ಮುಚ್ಚಿದೆ. ಮಗಳು ಮಾರಿಟ್ ನಿನ್ನೆ ತಂದ ಹೊಸ ಆಂಪ್ಲಿಫೈಯರ್ ಮೇಜಿನ ಮೇಲಿದೆ. ಹಳೆಯದು ಸುಟ್ಟು ಎಂಟು ತಿಂಗಳು — ಮನೆಯಲ್ಲಿ ಒಂದು ಹಾಡಿಲ್ಲ. ಇದರ ನೆತ್ತಿಯ ಮೇಲೆ ಒಂದೇ ವಾಲ್ವ್, ಹಳೇ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ಬುರುಡೆ. ನನ್ನ ಗಂಡ ಹುಬರ್ಟ್ ಮುಖ ಸಿಂಡರಿಸಿದ.

"ಬರೀ ಶೋಕಿಗೆ ಇಟ್ಟಿದ್ದಾರೆ ಕಣೇ ಟ್ರೂಸ್. ಹೊಳೆಯಲಿ ಅಂತ ಕೆಳಗೊಂದು ಕೆಂಪು ದೀಪ, ಅಷ್ಟೇ. ಮಾರಿಟ್ ಮುಂದಿನ ಸಲ ಬಂದಾಗ ವಾಪಸ್ ಕೊಡು."

ಐಂಡ್‌ಹೋವನ್‌ನ ವಾಲ್ವ್ ಕಾರ್ಖಾನೆಯಲ್ಲಿ ನಾನು ಗ್ರಿಡ್, ಅಂದರೆ ವಾಲ್ವಿನೊಳಗಿನ ತಂತಿಸುರುಳಿ, ಸುತ್ತುತ್ತಿದ್ದೆ. ಹುಬರ್ಟ್ ಪರೀಕ್ಷೆಯ ಕೋಣೆಯಲ್ಲಿ ಕಿವಿಯಿಂದಲೇ ಕೆಟ್ಟ ವಾಲ್ವುಗಳನ್ನು ಹೆಕ್ಕುತ್ತಿದ್ದ. ಎಂಜಿನಿಯರುಗಳೂ ಅವನಿಗೆ ಎದುರಾಡುತ್ತಿರಲಿಲ್ಲ. ಆದರೆ ನನಗೆ ಹಾಡು ಬೇಕು.

ನವೆಂಬರ್ 5, ಬುಧವಾರ

ಮಾರಿಟ್‌ಗೆ ಫೋನ್ ಮಾಡಿದೆ.

"ಅಮ್ಮ, ಜೋರು ಬರೋದು ಚಿಪ್‌ನಿಂದ. ಸೆಕೆಂಡಿಗೆ ನಾಲ್ಕು ಲಕ್ಷ ಸಲ ಆನ್-ಆಫ್ ಆಗುತ್ತೆ. ಅದಕ್ಕೇ ಬಿಸಿಯಾಗಲ್ಲ."

"ಮತ್ತೆ ವಾಲ್ವ್ ಯಾಕೆ?"

"ಹಾಡು ಮೊದಲು ಅದನ್ನ ದಾಟುತ್ತೆ. ಆಮೇಲೆ ಚಿಪ್ ಅದನ್ನ ಚೂರು ಚೂರು ಕತ್ತರಿಸಿ ಜೋರು ಮಾಡುತ್ತೆ."

ಪಾತ್ರೆ ತೊಳೆಯುತ್ತಾ ಹೊಳೆಯಿತು. ವಾಲ್ವಿನೊಳಗೆ ಕಾದ ಲೋಹದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಎದುರಿನ ಪ್ಲೇಟಿಗೆ ಹಾರುತ್ತವೆ. ನಡುವೆ ನನ್ನ ಗ್ರಿಡ್, ಕೂದಲೆಳೆಯಂಥ ತಂತಿ. ಹಾಡು ಅಲ್ಲಿ ಚೂರು ಏರಿಳಿದರೆ ಇಡೀ ಹರಿವು ಏರಿಳಿಯುತ್ತದೆ. ಅದಕ್ಕೆ ತಕ್ಕಂತೆ ಚಿಪ್ ಒಮ್ಮೆ ಹೆಚ್ಚು ಹೊತ್ತು ಆನ್, ಒಮ್ಮೆ ಕಡಿಮೆ... ಇಷ್ಟೇನಾ!

ಕಾರ್ಖಾನೆಯ ಉದ್ದ ಬೆಂಚು, ಬಿಳಿ ಕೋಟು, ಮೂವತ್ತು ಹುಡುಗಿಯರು. ಹಾಡುತ್ತಾ ಗ್ರಿಡ್ ಸುತ್ತುತ್ತಿದ್ದೆವು. ಆ ದಿನಗಳು ಬೇಕೆನಿಸಿ ಅಳು ಬಂತು.

ನವೆಂಬರ್ 16, ಭಾನುವಾರ, ಮಧ್ಯಾಹ್ನ 3

ಇಷ್ಟು ದಿನ ಬರೆಯಲಿಲ್ಲ — ಜಗಳ. ಹುಬರ್ಟ್ ಆಂಪ್ಲಿಫೈಯರನ್ನು ಪೆಟ್ಟಿಗೆಗೆ ತುಂಬುವುದು, ನಾನು ತೆಗೆಯುವುದು. ನಾಲ್ಕಕ್ಕೆ ಮಾರಿಟ್ ಬರುತ್ತಾಳೆ. "ಕಾರ್ಖಾನೇಲಿ ಮಾಡ್ತಿದ್ದ ಹಾಗೆ ವಾಲ್ವನ್ನ ಪೆನ್ಸಿಲಲ್ಲಿ ತಟ್ಟಿ ನೋಡು" ಎಂದೆ. ಹಾಡಿನ ದಾರಿಯಲ್ಲಿರುವ ವಾಲ್ವಾದರೆ ಸ್ಪೀಕರಿನಲ್ಲಿ ಸದ್ದು ಬರಲೇಬೇಕು.

ತಟ್ಟಿದ. ತಲೆ ಓರೆ ಮಾಡಿ, ಕಣ್ಣು ಮುಚ್ಚಿ, ಹಿಂದಿನಂತೆಯೇ. ನಾನು ಮನಸೋತದ್ದು ಈ ಭಂಗಿಗೆ.

ಟಿಂಗ್.

ಸ್ಪೀಕರಿನಿಂದ, ಸಣ್ಣಗೆ, ಸ್ಪಷ್ಟವಾಗಿ. ಮತ್ತೆ ತಟ್ಟಿದ. ಟಿಂಗ್.

"ನೋಡಿದ್ಯಾ? ಏನೂ ಸದ್ದಿಲ್ಲ! ನಾನು ಹೇಳ್ಲಿಲ್ವಾ, ಶೋಕಿ ಅಂತ?" ಗೆದ್ದವನ ನಗು.

ಮಾತು ಕೇಳಿಸುತ್ತದೆ ಅವನಿಗೆ. ಸಣ್ಣ ಸದ್ದು ಕೇಳಿಸುವುದು ಹೋಗಿಬಿಟ್ಟಿದೆ. ಯಾವಾಗಿನಿಂದಲೋ...

ನನ್ನ ಮುಖ ನೋಡಿದ. ನಗು ನಿಂತಿತು.

"ಏನೇ? ನಿನಗೆ... ಕೇಳಿಸ್ತಾ?"

ಕಾಫಿ ಇಡುತ್ತೇನೆಂದು ಅಡುಗೆಮನೆಗೆ ಓಡಿ ಬಂದೆ, ಇಲ್ಲೇ ಕೂತು ಬರೆಯುತ್ತಿದ್ದೇನೆ. ಇಲ್ಲ ಎಂದರೆ ಆಂಪ್ಲಿಫೈಯರ್ ಹೋಗುತ್ತದೆ, ಹಾಡೂ ಹೋಗುತ್ತದೆ. ಹೌದು ಎಂದರೆ ತನ್ನ ಕಿವಿ ಹೋಯಿತೆಂದು ಅವನಿಗೆ ಗೊತ್ತಾಗುತ್ತದೆ. ನೀರು ಕುದಿಯಿತು. ಬಾಗಿಲಿಗೇ ಬಂದು ನಿಂತಿದ್ದಾನೆ, "ಟ್ರೂಸ್, ನಿಜ ಹೇಳು" ಎನ್ನುತ್ತಾ. ನಿಜವನ್ನೇ ಹೇಳುತ್ತೇನೆ. ನಾನು —